ಕಪ್ತಾನನ ಕಲ್ಲು

ಮೊದಲು ಅವರು ಕಲ್ಲನ್ನು ನೋಡಿದರು.

ಮಾನಪ್ಪ ಕಲ್ಲಿನ ಕೆಳಗಿದ್ದ. ಬಾಗಿಲಿನಷ್ಟು ಅಗಲದ ಕರಿ ಗ್ರಾನೈಟ್ ಹಲಗೆ ಅವನ ಎದೆಯ ಮೇಲೆ ಬಿದ್ದಿತ್ತು. ಹೊರಗೆ ಕಾಣುತ್ತಿದ್ದದ್ದು ಅವನ ಕಾಲುಗಳು, ಒಂದು ಕೈ. ಕೈಯ ಬೆರಳುಗಳು ಇನ್ನೂ ಆಡುತ್ತಿದ್ದವು. ಇಂಜಿನಿಯರ್ ಓಡಿ ಬಂದ. ಮೊಣಕಾಲೂರಿ ಕೂತ. ಕಲ್ಲಿನ ಅಂಚು ಸವರಿದ. ಮೂಲೆ ಮೂಲೆ ಮುಟ್ಟಿ ನೋಡಿದ.

"ಟೂಟಾ ತೋ ನಹೀ ನಾ?" ಎಂದ.

ಒಡೆದಿಲ್ಲ ತಾನೆ? ಅವನು ಕೇಳಿದ್ದು ಕಲ್ಲಿನ ಬಗ್ಗೆ. ಮಾನಪ್ಪನ ಪಕ್ಕೆಲುಬಿನ ಬಗ್ಗೆ ಅಲ್ಲ.

ಕಲ್ಲು ಒಡೆದಿರಲಿಲ್ಲ.

ಬಾಳಮ್ಮ ಮಣ್ಣಿನ ಬುಟ್ಟಿ ಹೊತ್ತು ಮೆಟ್ಟಿಲು ಹತ್ತುತ್ತಿದ್ದಳು. ಧಡ್ ಎಂದ ಸದ್ದಿಗೆ ಬುಟ್ಟಿ ಎಸೆದು ಓಡಿದಳು. ಆ ಕೈ ತನ್ನ ಗಂಡನದು ಎಂದು ದೂರದಿಂದಲೇ ಗೊತ್ತಾಯಿತು. "ಎತ್ರೋ ಯಣ್ಣಾ, ಎತ್ರೋ!" ಎಂದು ಚೀರುತ್ತ ಕಲ್ಲಿನ ಕೆಳಗೆ ಬೆರಳು ತುರುಕಿದಳು. ಜೊತೆಗೆ ಕೆಲಸ ಮಾಡುವ ಮುಮ್ತಾಜ ಬಂದು ಪಕ್ಕದಲ್ಲಿ ಕೈ ಹಾಕಿದಳು. ಇಬ್ಬರ ಉಗುರು ಕಿತ್ತು ರಕ್ತ ಬಂತು. ಕಲ್ಲು ಅಲುಗಲಿಲ್ಲ. ಗಂಡಸರು ಹಾರೆ ತಂದರು.

"ಹಾರೆ ಹಾಗೇ ಹಾಕಬೇಡಿ, ಪಾಲಿಶ್ ಹೋಗುತ್ತೆ," ಇಂಜಿನಿಯರ್ ಕೂಗಿದ. "ಗೋಣಿಚೀಲ ಸುತ್ತಿ!"

ಗೋಣಿಚೀಲ ಹುಡುಕಿದರು. ತಂದರು. ಹಾರೆಯ ಮೊನೆಗೆ ಸುತ್ತಿದರು. ಅಷ್ಟರಲ್ಲಿ ಬೆರಳು ಆಡುವುದು ನಿಂತಿತ್ತು.

ಅದು ಕಪ್ತಾನನ ಕಲ್ಲು. ವಾಸ್ಕೋ ಬಂದರು ಕಾಣುವ ಗುಡ್ಡದ ಮೇಲೆ ಕ್ಯಾಪ್ಟನ್ ಎಮಿಲ್ ಹಾರ್ಟ್‌ವಿಕ್‌ನ ಸ್ಮಾರಕ ಎದ್ದಿತ್ತು. ಕಂಚಿನ ಪ್ರತಿಮೆ, ಸುತ್ತ ಹುಲ್ಲುಹಾಸು, ಮುಂದೆ ಹೊಳೆಯುವ ಟೈಲ್ಸ್. ಕಪ್ತಾನ ಹುಟ್ಟಿದ್ದು ಯುರೋಪಿನ ಒಂದು ಹಿಮದ ಊರಿನಲ್ಲಿ. ಹಡಗಿನ ಕೆಲಸಕ್ಕೆ ಬಂದ ಅಪ್ಪನ ಜೊತೆ ಗೋವಾಕ್ಕೆ ಬಂದು ಇಲ್ಲೇ ಬೆಳೆದ. ನಮ್ಮ ಸೈನ್ಯ ಸೇರಿದ. ಎಪ್ಪತ್ತೊಂದರ ಯುದ್ಧದಲ್ಲಿ ಗಾಯಗೊಂಡ ಜವಾನರನ್ನು ಗುಂಡಿನ ಮಳೆಯೊಳಗೆ ಬೆನ್ನ ಮೇಲೆ ಹೊತ್ತು ತಂದ. ಮುಪ್ಪಿನಲ್ಲಿ ತಂಗಿಯ ಹತ್ತಿರ ಹೋಗಿ ಹುಟ್ಟಿದ ಊರಿನಲ್ಲೇ ಸತ್ತ. ಅವನ ಬೂದಿ ಆ ದಿನ ಮಧ್ಯಾಹ್ನ ವಿಮಾನದಲ್ಲಿ ಬರುವುದಿತ್ತು. ಸಂಜೆ ಮಂತ್ರಿಗಳು ಅದನ್ನು ಪ್ರತಿಮೆಯ ಬುಡದಲ್ಲಿ ಇಡುವುದಿತ್ತು. ಅಷ್ಟರೊಳಗೆ ಹೆಸರಿನ ಕಲ್ಲು ಕಟ್ಟೆಯ ಮೇಲೆ ನಿಲ್ಲಬೇಕಿತ್ತು.

ಕಲ್ಲು ಎತ್ತಲು ಕ್ರೇನ್ ಬಂದಿತ್ತು. ಗೇಟಿನ ಹೊರಗೇ ನಿಂತಿತ್ತು. ಒಳಗೆ ಬಂದರೆ ಅದರ ಗಾಲಿಗೆ ಹೊಸ ಟೈಲ್ಸ್ ಬಿರುಕು ಬಿಡುತ್ತವೆ ಎಂದು ಇಂಜಿನಿಯರ್ ಬಿಟ್ಟಿರಲಿಲ್ಲ. ಟೈಲ್ಸಿಗೆ ಪೆಟ್ಟಾಗಬಾರದೆಂದು ಕಲ್ಲನ್ನು ಮನುಷ್ಯರ ಹೆಗಲಿಗೆ ಕೊಟ್ಟರು. ಹಗ್ಗ ಜಾರಿತು.

ಆ ಕಲ್ಲಿನ ಮೇಲಿನ ಅಕ್ಷರವನ್ನು ಮಾನಪ್ಪ ಮಗಳು ಜಯಶ್ರೀಯಿಂದ ಓದಿಸಿ ಕೇಳಿದ್ದ. ಅವಳು ವೆರ್ಣಾದ ಒಂದು ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುವವಳು. ಹನ್ನೆರಡನೆಯ ಇಯತ್ತೆ ಮುಗಿಸಿದವಳು. ಓದಿ ಕನ್ನಡದಲ್ಲಿ ಹೇಳಿದ್ದಳು: "ಪರದೇಶದಾಗ ಹುಟ್ಟಿದರೂ ಈ ಮಣ್ಣಿಗಾಗಿ ಜೀವ ಪಣಕ್ಕಿಟ್ಟ. ಈ ಮಣ್ಣು ಅವನ್ನ ಮಗ ಅಂತ ಕರೀತೈತಿ."

"ಬೆನ್ನ ಮ್ಯಾಲೆ ಮಂದೀನ ಹೊತ್ತಾನಂದ್ರ ಅವನೂ ನಮ್ಮಂಗ ಹೊರಾಂವನ ಬಿಡು," ಎಂದಿದ್ದ ಮಾನಪ್ಪ. ಕಪ್ತಾನನ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಕಪ್ತಾನಪ್ಪ ಎಂದೇ ಕರೆಯುತ್ತಿದ್ದ.

ಮಗನೆಂದು ಕರೆಯುವ ಆ ಮಣ್ಣು ಮಾನಪ್ಪನನ್ನು ಎಂದೂ ಹಾಗೆ ಕರೆದಿರಲಿಲ್ಲ. ತಾಳಿಕೋಟಿ ಕಡೆಯ ಹಳ್ಳಿಯಲ್ಲಿ ಅವನು ಮಾದರ ಕೇರಿಯವನು. ಅಲ್ಲಿ ಊರ ಹೊರಗೆ. ಮದುವೆಯಾದ ವರ್ಷ ಬಾಳಮ್ಮನನ್ನು ಕರೆದುಕೊಂಡು ಇಲ್ಲಿಗೆ ಬಂದ. ಬಂದರಿನಲ್ಲಿ ಅದಿರು ತುಂಬಿದ. ರಸ್ತೆಗೆ ಡಾಂಬರು ಹಾಕಿದ. ಅಪಾರ್ಟ್‌ಮೆಂಟ್ ಕಟ್ಟಿದ. ಇಲ್ಲಿ ಅವನು ಘಾಟಿ. ಘಟ್ಟದ ಮೇಲಿನಿಂದ ಬಂದ ಹೊಲಸು ಎಂದು ಅದರ ಅರ್ಥ. ಜಯಶ್ರೀ ಹುಟ್ಟಿದ್ದೇ ವಾಸ್ಕೋದಲ್ಲಿ. ಸೊಗಸಾಗಿ ಕೊಂಕಣಿ ಮಾತಾಡುತ್ತಾಳೆ. ಅವಳೂ ಘಾಟಿ. ಏಳು ಸಮುದ್ರದ ಆಚೆಯವನು ಮಗನಾದ. ರಾಜ್ಯದ ಗಡಿ ಮೊಲೆಂ ಆಚೆಯವರು ಘಾಟಿಗಳಾಗೇ ಉಳಿದರು.

ಸಮಾರಂಭಕ್ಕೆ ಬರುವ ದೊಡ್ಡವರ ಕಣ್ಣಿಗೆ ಬೀಳಬಾರದೆಂದು ಗುಡ್ಡದ ಬುಡದ ಇವರ ಗುಡಿಸಲುಗಳಿಗೆ ಅಡ್ಡಲಾಗಿ ತಗಡು ನಿಲ್ಲಿಸಿದ್ದರು. ತಗಡಿನ ಮೇಲೆ ಉದ್ದಕ್ಕೂ ಕಪ್ತಾನನ ಚಿತ್ರ. ಆ ತಗಡನ್ನು ನೆಟ್ಟವರೂ ಇವರೇ.

ಹೆಣವನ್ನು ಪಕ್ಕಕ್ಕೆ ಮಲಗಿಸಿದರು. ಎದೆ ಇದ್ದ ಜಾಗ ನೋಡುವಂತಿರಲಿಲ್ಲ. ಬಾಯಿಂದ, ಮೂಗಿನಿಂದ ಬಂದದ್ದು ಟೈಲ್ಸಿನ ಮೇಲೆ ಹರಿಯಿತು. ಮುಕಾದಮ ಲಾಲಪ್ಪ ಅಲ್ಲೇ ಉಳಿದಿದ್ದ ಒಂದು ಫ್ಲೆಕ್ಸ್ ಬ್ಯಾನರ್ ಎಳೆದು ತಂದು ಹೊದಿಸಿದ. ಕೂಲಿಯವರನ್ನು ಸೇರಿಸಿ ಕೆಲಸಕ್ಕೆ ತರುವವನು ಅವನು. ವಿಜಾಪುರ ಕಡೆಯ ತಾಂಡಾದವನು. ಬ್ಯಾನರಿನ ಮೇಲೆ ಕಪ್ತಾನನ ದೊಡ್ಡ ಮುಖವಿತ್ತು.

ಸ್ಮಾರಕ ಸಮಿತಿಯ ಕಾರ್ಯದರ್ಶಿ ಬಂದ. ನಿವೃತ್ತ ಪ್ರೊಫೆಸರ್. ಬಿಳಿ ಲಿನನ್ ಅಂಗಿ ಹಾಕಿದ್ದ. ನೋಡಿದವನೇ ಕರವಸ್ತ್ರ ಮೂಗಿಗೆ ಹಿಡಿದ.

"ಅಯ್ಯೋ, ಇದೇನು ಮಾಡಿದ್ದೀರಿ?" ಎಂದು ಹಿಂದಿಯಲ್ಲಿ ಕೇಳಿದ.

ಬಾಳಮ್ಮ ತಲೆ ಎತ್ತಿದಳು. ಒಬ್ಬನಾದರೂ ಮನುಷ್ಯ ಬಂದ ಎಂದುಕೊಂಡಳು.

"ಕ್ಯಾಪ್ಟನ್ ಸಾಹೇಬರ ಮುಖ ಇದೆ ಅದರ ಮೇಲೆ. ತೆಗೆಯಿರಿ. ಅಪಮಾನ ಇದು. ತೆಗೆಯಿರಿ ಮೊದಲು!"

ಲಾಲಪ್ಪ ಬ್ಯಾನರ್ ಎಳೆದ. ರಕ್ತಕ್ಕೆ ಅಂಟಿಕೊಂಡಿತ್ತು. ಕಿತ್ತು ಬಂತು. ಅದನ್ನು ಇಬ್ಬರು ಮಡಚಿ ಗೌರವದಿಂದ ಒಳಗಿಟ್ಟರು. ಮಾನಪ್ಪನ ಮೇಲೆ ಖಾಲಿ ಸಿಮೆಂಟ್ ಚೀಲ ಹೊದಿಸಿದರು. ಚೀಲದ ಪುಡಿ ಅವನ ತೆರೆದ ಕಣ್ಣಿಗೆ ಬಿತ್ತು. ಬಾಳಮ್ಮ ಸೆರಗಿನಿಂದ ಒರೆಸಿದಳು. ಅವನ ಕಣ್ಣು ಮುಚ್ಚಿದಳು. ಅಳು ಬರಲಿಲ್ಲ. ಗೋಡೆಯ ಹತ್ತಿರ ಹೋಗಿ ವಾಂತಿ ಮಾಡಿಕೊಂಡಳು.

"ಟೈಲ್ಸ್ ತೊಳೆಸು," ಇಂಜಿನಿಯರ್ ಲಾಲಪ್ಪನಿಗೆ ಹೇಳಿದ. "ಅದನ್ನೂ ತೊಳೆಸು," ಎಂದು ವಾಂತಿಯ ಕಡೆ ತೋರಿಸಿದ.

ಮುಮ್ತಾಜ ಮತ್ತು ಮುದುಕಿ ಲಾಡಬಿ ತೊಳೆದರು. ಹೇಳಿದ ಕೆಲಸ ಮಾಡಿಯೇ ಅಭ್ಯಾಸ. ಕೈ ತಾನಾಗಿ ಪೊರಕೆ ಹಿಡಿಯಿತು. ನೀರು ಕೆಂಪಾಗಿ ಹೊಸ ಹುಲ್ಲಿನೊಳಗೆ ಇಳಿಯಿತು. ಗಂಡಾಳುಗಳನ್ನೆಲ್ಲ ಅಷ್ಟರಲ್ಲಿ ಟೆಂಪೋ ಹತ್ತಿಸಿ ವೆರ್ಣಾದ ಬೇರೆ ಕೆಲಸಕ್ಕೆ ಸಾಗಿಸಿದರು. ಯಾರಾದರೂ ಕೇಳಿದರೆ ಹೇಳಲು ಗಂಡಸೊಬ್ಬ ಇರಬಾರದಿತ್ತು. ಹೋಗುವ ಮೊದಲು ಅವರ ಕೈಯಿಂದಲೇ ಕಲ್ಲನ್ನು ಎತ್ತಿಸಿ ಕಟ್ಟೆಯ ಮೇಲೆ ನಿಲ್ಲಿಸಿಕೊಂಡರು.

ಜಯಶ್ರೀ ಕಂಪನಿಯ ಯೂನಿಫಾರ್ಮಿನಲ್ಲೇ ಬಂದಳು. ಬರುವಷ್ಟರಲ್ಲಿ ಹೆಣ ಸಾಗಿಸುವ ಬಿಳಿ ಗಾಡಿ ನಿಂತಿತ್ತು. ಗಾಡಿಯ ಚಾಲಕ ಪರಶು ಬೆಳಗಾವಿ ಕಡೆಯವನು.

"ಎಲ್ಲಾ ವ್ಯವಸ್ಥಾ ಆಗೈತಿ," ಲಾಲಪ್ಪ ತಾಯಿ ಮಗಳಿಗೆ ಹೇಳಿದ. "ಕಾಂಟ್ರಾಕ್ಟರ್ ಸಾಹೇಬ್ರು ಚಲೋ ಮನಿಶಾ. ಗಾಡಿ ತಾವ ಕಳಿಸ್ಯಾರ. ಊರಿಗೆ ಒಯ್ದು ಮಣ್ಣ ಮಾಡೂಣು. ನಾನೂ ಬರ್ತೇನಿ."

"ಪೊಲೀಸ್ರು ಬರಲಿಲ್ಲೇನ ಕಾಕಾ? ದವಾಖಾನಿಗೆ ಒಯ್ಯೂದಿಲ್ಲೇನ?" ಜಯಶ್ರೀ ಕೇಳಿದಳು.

"ದವಾಖಾನ್ಯಾಗ ಕೊಯ್ತಾರವ್ವಾ. ನಿಮ್ಮಪ್ಪನ ಮೈ ಕೊಯ್ಸಬೇಕೇನು? ಲಗೂನ ಹತ್ರಿ. ಬಿಸಿಲು ಏರಿದ್ರ ಹೆಣ ತಡಿಯಂಗಿಲ್ಲ."

ಅವಳಿಗೆ ತಲೆ ಓಡಲಿಲ್ಲ. ಅಪ್ಪನ ಕಾಲು ಹಿಡಿದುಕೊಂಡು ಗಾಡಿ ಹತ್ತಿದಳು.

ಅಕ್ಟೋಬರ್ ತಿಂಗಳ ಬಿಸಿಲು. ಗಾಡಿಯಲ್ಲಿ ಬರ್ಫ ಇರಲಿಲ್ಲ. ವೆರ್ಣಾ ದಾಟುವ ಹೊತ್ತಿಗೆ ನೊಣ ಬಂದವು. ಬಾಳಮ್ಮ ಸೆರಗು ಬೀಸುತ್ತ ಕೂತಳು. ದಾರಿಯುದ್ದಕ್ಕೂ ಕಂಬ ಕಂಬಕ್ಕೆ ಕಪ್ತಾನನ ಚಿತ್ರ ಕಟ್ಟಿದ್ದರು. ಕಿಟಕಿಯಲ್ಲಿ ಅವನ ಮುಖ ಬರುತ್ತಿತ್ತು, ಹೋಗುತ್ತಿತ್ತು. ಫೋಂಡಾ ದಾಟಿದ ಮೇಲೆ ಚಿತ್ರಗಳು ನಿಂತವು. ಕಾಡು ಶುರುವಾಯಿತು.

ಮೊಲೆಂ ಹತ್ತಿರ ಬಂದಾಗ ಪರಶುವಿನ ಫೋನ್ ಬಡಿಯಿತು. ಗಾಡಿ ಓಡಿಸುತ್ತಲೇ ಅವನು ಸ್ಪೀಕರ್ ಹಾಕಿದ. ಹಿಂದಿನ ಸಣ್ಣ ಕಿಟಕಿ ತೆರೆದಿತ್ತು. ಕಾಂಟ್ರಾಕ್ಟರನ ದನಿ ಕೊಂಕಣಿಯಲ್ಲಿ ಕೇಳಿಸಿತು. ಎಲ್ಲಿದ್ದೀ? ಚೆಕ್‌ಪೋಸ್ಟ್ ದಾಟಿದ ಕೂಡಲೇ ಫೋನ್ ಮಾಡು. ನಡುವೆ ಎಲ್ಲೂ ನಿಲ್ಲಿಸಬೇಡ. ಆಚೆ ಹೋದ ಮೇಲೆ ನಮ್ಮ ತಲೆನೋವಲ್ಲ.

ಕೊನೆಗೆ ನಕ್ಕು ಹೇಳಿದ: "ಮಡೆಂ ನಾ ಜಾಲ್ಯಾರ್ ಕೇಸ್ ನಾ."

ಹೆಣವಿಲ್ಲದಿದ್ದರೆ ಕೇಸಿಲ್ಲ. ತಾಯಿಗೂ ಅರ್ಥವಾಯಿತು. ಮಗಳಿಗೂ ಅರ್ಥವಾಯಿತು. ಇವರಿಗೆ ಕೊಂಕಣಿ ತಿಳಿಯುತ್ತದೆ ಎಂಬುದು ಆ ಕಾಂಟ್ರಾಕ್ಟರನಿಗೆ ಹೊಳೆದೇ ಇರಲಿಲ್ಲ. ಇಷ್ಟು ವರ್ಷ ಇವರು ಅವನೆದುರು ಬಾಯಿ ಬಿಟ್ಟಿದ್ದರೆ ತಾನೆ.

ಚೆಕ್‌ಪೋಸ್ಟಿನ ಮುಂದೆ ಲಾರಿಗಳ ಸಾಲಿತ್ತು. ಗಾಡಿ ನಿಧಾನವಾಯಿತು. ಬಾಳಮ್ಮ ಹಿಂದಿನ ಬಾಗಿಲು ತೆರೆದು ಇಳಿದಳು. ಮುಂದೆ ಹೋಗಿ ಗಾಡಿಯ ಎದುರು ಡಾಂಬರಿನ ಮೇಲೆ ಕೂತಳು. ರಸ್ತೆ ಕಾದಿತ್ತು. ಸೀರೆಯ ಮೂಲಕ ಚರ್ಮ ಸುಟ್ಟಿತು. ಏಳಲಿಲ್ಲ.

"ಗಾಡಿ ತಿರುಗಸು, ಪರಶಣ್ಣ."

ಲಾಲಪ್ಪ ಜಿಗಿದು ಬಂದ. "ಬಾಳವ್ವಾ, ಹುಚ್ಚ ಹಿಡದೈತೇನು? ಏಳು. ಊರಾಗ ಮಂದಿ ಕುಣಿ ತೋಡಿ ಕಾಯಾಕತ್ತಾರ."

"ಊರಿಗೆ ಯಾರು ಫೋನ್ ಮಾಡ್ಯಾರ? ನೀ ಮಾಡಿದೇನು? ಸುಳ್ಳ ಯಾಕ ಬೊಗಳ್ತಿ?"

"ಆತು, ಸುಳ್ಳ ಅನ್ನು. ತಿರುಗಿ ಹೋದ್ರ ಏನ ಸಿಗತೈತಿ? ಸತ್ತಾಂವ ಎದ್ದ ಬರ್ತಾನೇನು?"

"ಸತ್ತಾಂವ ಬರಂಗಿಲ್ಲ. ಕೊಂದಾವ್ರು ಅಲ್ಲೇ ಅದಾರ."

ಅವನು ಬಗ್ಗಿ ದನಿ ತಗ್ಗಿಸಿದ. "ನಾಳೆ ನಮ್ಮ ಮಂದಿಗೆ ಯಾರ ಕೆಲಸಾ ಕೊಡ್ತಾರ? ಗುಡಸಲಾ ಕಿತ್ತ ಒಗೀತಾರ. ಎಲ್ಲಾರ ಹೊಟ್ಟಿ ಮ್ಯಾಲೆ ಹೊಡಿಬ್ಯಾಡ ತಂಗಿ. ನಿನಗ ಹೆದರಿಕಿ ಇಲ್ಲೇನು?"

"ಐತಿ. ಭಾಳ ಐತಿ." ಬಾಳಮ್ಮ ಅವನ ಮುಖ ನೋಡಿದಳು. "ಆದ್ರ ಲಾಲಪ್ಪಣ್ಣ, ನನಗ ಹೇಸಿಗಿ ಬಂದೈತಿ. ಕಲ್ಲು ಸವರಿದ್ರಲ್ಲ, ಅವಾಗಿಂದ ಬಂದೈತಿ. ಅವನ ಮ್ಯಾಲಿನ ಹೊದಿಕಿ ಕಿತ್ತಿದೆಲ್ಲ ನೀ, ಅವಾಗಿಂದ ನಿನ್ನ ಮಾರಿ ನೋಡಾಕ ಆಗವಲ್ದು. ಹೆದರಿಕಿ ಇದ್ರ ಇರಲಿ. ಹೇಸಿಗಿ ಅದಕ್ಕಿಂತ ದೊಡ್ಡದ ಆಗೈತಿ ಇವತ್ತ."

ಅವನು ರಟ್ಟೆ ಹಿಡಿದು ಎಳೆದ. ಜಯಶ್ರೀ ನಡುವೆ ನುಗ್ಗಿದಳು. "ಕೈ ತಗಿ ಕಾಕಾ. ನಮ್ಮವ್ವನ್ನ ಮುಟ್ಟಬ್ಯಾಡ."

ಹಿಂದಿನ ಲಾರಿಗಳು ಹಾರ್ನ್ ಹೊಡೆಯತೊಡಗಿದವು. ಪರಶು ಬೀಡಿ ಹಚ್ಚಿ ಗಾಡಿಗೆ ಒರಗಿ ನಿಂತಿದ್ದ.

"ಈ ಗಾಡ್ಯಾಗ ಭಾಳ ಮಂದೀನ ಈ ಗೇಟ ದಾಟಿಸೇನ್ರಿ," ಎಂದ. "ಬಿಲ್ಡಿಂಗಿನಿಂದ ಬಿದ್ದಾವ್ರು. ಕರೆಂಟ್ ಹೊಡದಾವ್ರು. ಗಟಾರದಾಗ ಇಳದು ಉಸರ ಕಟ್ಟಿದಾವ್ರು. ಅವರ ಮಂದಿ ಅಳಕೋತ ಕುಂತಿರತಾರ. ಒಬ್ಬರೂ ಇಲ್ಲಿ ಇಳದಿದ್ದಿಲ್ಲ."

ಬೀಡಿ ಎಸೆದ. ಗಾಡಿ ಹತ್ತಿದ. ಸ್ಟೇರಿಂಗ್ ತಿರುಗಿಸಿದ.

ಲಾಲಪ್ಪ ಹತ್ತಲಿಲ್ಲ. ರಸ್ತೆಯ ಬದಿ ನಿಂತು ಕಾಂಟ್ರಾಕ್ಟರನಿಗೆ ಫೋನ್ ಹಚ್ಚಿದ. ಪರಶು ತನ್ನ ಫೋನ್ ಆರಿಸಿ ಜೇಬಿಗಿಟ್ಟ.

ವಾಪಸು ಬರುವಾಗ ವಾಸನೆ ಶುರುವಾಯಿತು. ಜಯಶ್ರೀ ಮೂಗು ಮುಚ್ಚಿಕೊಂಡಳು. ಕೂಡಲೇ ನಾಚಿ ಕೈ ತೆಗೆದಳು. ಅಪ್ಪ ದುಡಿದು ಮನೆಗೆ ಬಂದಾಗ ಬೆವರು, ಸಿಮೆಂಟು ನಾರುತ್ತಿದ್ದ. ಆಗ ಅವಳು ಎಂದೂ ಮೂಗು ಮುಚ್ಚಿಕೊಂಡವಳಲ್ಲ.

"ಅವ್ವಾ, ಎಲ್ಲಿಗೆ ಹೋಗೂದು? ಠಾಣೆಗೋ, ದವಾಖಾನಿಗೋ?"

"ಮೊದಲ ಗುಡ್ಡಕ್ಕ," ಎಂದಳು ಬಾಳಮ್ಮ. "ಠಾಣೆದಾವ್ರು ಎಲ್ಲಾರೂ ಇವತ್ತ ಅಲ್ಲೇ ಇರ್ತಾರ."

ಗುಡ್ಡದ ಬುಡದಲ್ಲಿ ಪೊಲೀಸರು ಅಡ್ಡಗಟ್ಟೆ ಹಾಕಿದ್ದರು. ಬೂದಿಯ ಮೆರವಣಿಗೆ ಬರುತ್ತಿತ್ತು. ಮುಂದೆ ಬ್ಯಾಂಡು. ಹಿಂದೆ ಹೂವಿನಿಂದ ಮುಚ್ಚಿದ ತೆರೆದ ಟ್ರಕ್ಕು. ಅದರ ಮೇಲೆ ಬೆಳ್ಳಿಯ ಪಾತ್ರೆಯಲ್ಲಿ ಕಪ್ತಾನನ ಬೂದಿ. ಶಾಲೆಯ ಮಕ್ಕಳು ಬಿಸಿಲಿನಲ್ಲಿ ಸಾಲಾಗಿ ನಿಂತು ಬಾವುಟ ಅಲ್ಲಾಡಿಸುತ್ತಿದ್ದರು. ಮಹಡಿಗಳ ಮೇಲಿನಿಂದ ಹೂವಿನ ಪಕಳೆ ಬೀಳುತ್ತಿದ್ದವು.

ಒಬ್ಬ ಹವಾಲ್ದಾರ ಬಿಳಿ ಗಾಡಿಯನ್ನು ತಡೆದ. ಒಳಗೆ ಇಣುಕಿದ. "ಘಾಟಿ ಹೆಣವೇ? ಪಕ್ಕದ ಗಲ್ಲಿಗೆ ಹಾಕು. ಸಂಡಾಸಿನ ಹಿಂದೆ ನಿಲ್ಲಿಸು. ಸಾಹೇಬರದು ದಾಟುವ ತನಕ ಹೊರಗೆ ಬರಬೇಡ," ಎಂದು ಕೊಂಕಣಿಯಲ್ಲಿ ಪರಶುವಿಗೆ ಹೇಳಿದ.

ಅದೂ ಸತ್ತವನೇ. ಇದೂ ಸತ್ತವನೇ. ಒಬ್ಬನಿಗೆ ಬ್ಯಾಂಡು. ಇನ್ನೊಬ್ಬನಿಗೆ ಸಂಡಾಸಿನ ಹಿಂದಿನ ಜಾಗ.

ಬಾಳಮ್ಮ ಬಾಗಿಲು ತೆರೆದಳು. "ಇಳಸ್ರಿ," ಎಂದಳು.

ಪರಶು ಒಂದು ಕಡೆ ಹಿಡಿದ. ಜಯಶ್ರೀ, ಬಾಳಮ್ಮ ಇನ್ನೊಂದು ಕಡೆ. ಸ್ಟ್ರೆಚರ್ ವಾಲಿತು. ಸಾಲಲಿಲ್ಲ. ಬಾಳಮ್ಮ ತಗಡಿನ ಕಡೆ ತಿರುಗಿ ಗಂಟಲು ಹರಿಯುವಂತೆ ಕೂಗಿದಳು.

"ಮುಮ್ತಾಜಾ! ಹೊರಗ ಬಾರ! ಮಾನಪ್ಪ ಬಂದಾನ! ಹೊರಾಕ ಬರ್ರೇ!"

ಸಮಾರಂಭ ಮುಗಿಯುವ ತನಕ ತಲೆ ಹೊರಗೆ ಹಾಕಬಾರದೆಂದು ಗುಡಿಸಲಿನವರಿಗೆ ಹೇಳಿದ್ದರು. ತಗಡು ಅಲುಗಿತು. ಒಂದು ಹಾಳೆ ಕಳಚಿ ಬಿತ್ತು. ಮುಮ್ತಾಜ ಬಂದಳು. ಲಾಡಬಿ ಬಂದಳು. ಬುಟ್ಟಿ ಹೊರುವ, ಕಲ್ಲು ಹೊರುವ, ಬೇರೆಯವರ ಮನೆ ಒರೆಸುವ ಹೆಂಗಸರು ಒಬ್ಬರ ಹಿಂದೆ ಒಬ್ಬರು ಬಂದರು.

"ನಾ ತೊಳದೆ ಬಾಳಕ್ಕ," ಮುಮ್ತಾಜ ಕೈ ಮುಂದೆ ಚಾಚಿ ಅತ್ತಳು. "ಅವರು ಹೇಳಿದ ಕೂಡ್ಲೇ ಈ ಕೈಲೇ ತೊಳದೆ. ಸಾಬಾಣ ಹಚ್ಚಿ ಹಚ್ಚಿ ತಿಕ್ಕಿದ್ರೂ ಹೇಸಿಗಿ ಹೋಗವಲ್ದು."

"ಆ ಕೈಲೇ ಹಿಡಿ," ಎಂದಳು ಬಾಳಮ್ಮ.

ಹೆಂಗಸರು ಹೆಣಕ್ಕೆ ಹೆಗಲು ಕೊಡುವ ಪದ್ಧತಿ ಅವರಲ್ಲಿ ಯಾರ ಜಾತಿಯಲ್ಲೂ ಇರಲಿಲ್ಲ. ಆ ದಿನ ಅದನ್ನು ಯಾರೂ ಕೇಳಲಿಲ್ಲ. ಸಿಮೆಂಟ್ ಹೊತ್ತ ಹೆಗಲುಗಳು. ಸ್ಟ್ರೆಚರ್ ಹಗುರವಾಗಿ ಮೇಲೆದ್ದಿತು. ಅಡ್ಡಗಟ್ಟೆಯನ್ನು ಕಾಲಿನಿಂದ ಸರಿಸಿ, ಕಪ್ತಾನನ ಟ್ರಕ್ಕಿನ ಹಿಂದೆ ಅದೇ ರಸ್ತೆಯಲ್ಲಿ ನಡೆದರು.

ಮಹಡಿಯ ಮೇಲಿದ್ದವರು ಇದೂ ಮೆರವಣಿಗೆಯದೇ ಒಂದು ಭಾಗ ಎಂದುಕೊಂಡರು. ಮಾನಪ್ಪನ ಮೇಲೂ ಹೂ ಬಿದ್ದವು. ಒಬ್ಬ ಹೆಂಗಸು ಕೈ ಎತ್ತಿದವಳು ಸಿಮೆಂಟ್ ಚೀಲ ನೋಡಿದಳು. ಚೀಲದಿಂದ ಇಣುಕುತ್ತಿದ್ದ ಬರಿಗಾಲು ನೋಡಿದಳು. ಹೂವನ್ನು ಬುಟ್ಟಿಗೆ ವಾಪಸು ಹಾಕಿದಳು. ಮಗುವಿನ ಕಣ್ಣು ಮುಚ್ಚಿ ಒಳಗೆ ಹೋದಳು. ಬಾಗಿಲು ಹಾಕಿಕೊಂಡ ಸದ್ದು ಕೆಳಗೆ ಕೇಳಿಸಿತು.

ಗೇಟಿನಲ್ಲಿ ತಡೆದರು. ಹೆಂಗಸರು ಸ್ಟ್ರೆಚರನ್ನು ಗೇಟಿನ ನಟ್ಟನಡುವೆ ಇಳಿಸಿ ಸುತ್ತ ಕೂತರು. ಕಾರ್ಯದರ್ಶಿ ಓಡಿ ಬಂದ. ಲಿನನ್ ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

"ಅಮ್ಮಾ, ಕೈ ಮುಗಿಯುತ್ತೇನೆ," ಹಿಂದಿಯಲ್ಲಿ ಗೋಗರೆದ. "ಕ್ಯಾಪ್ಟನ್ ಸಾಹೇಬರ ತಂಗಿ ಬಂದಿದ್ದಾರೆ. ವಿದೇಶದವರು. ವಯಸ್ಸಾದವರು. ನಮ್ಮ ದೇಶದ ಬಗ್ಗೆ ಅವರು ಏನು ತಿಳಿದುಕೊಳ್ಳಬೇಡ?"

"ಇದ್ದದ್ದ ತಿಳಕೊಳ್ಳಲಿ," ಎಂದಳು ಬಾಳಮ್ಮ.

ಅಷ್ಟರಲ್ಲಿ ಕಪ್ತಾನನ ಮುದಿ ತಂಗಿ ಕಾರಿನಿಂದ ಇಳಿದು ಬಂದೇಬಿಟ್ಟಳು. ಕೋಲು ಊರಿಕೊಂಡಿದ್ದಳು. ಹೆಣ ನೋಡಿ ನಿಂತಳು. ಯಾರು ಇದು ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಇಲ್ಲಿನ ಬಡವರು, ಮೇಡಂ," ಕಾರ್ಯದರ್ಶಿ ಹೇಳಿದ. "ತಮ್ಮವರು ಸತ್ತಾಗ ವೀರರ ಸ್ಥಳಕ್ಕೆ ತಂದು ಆಶೀರ್ವಾದ ಪಡೆಯುತ್ತಾರೆ. ಇಲ್ಲಿನ ಪದ್ಧತಿ."

ಮುದುಕಿಯ ಕಣ್ಣು ಒದ್ದೆಯಾಯಿತು. ಮಾನಪ್ಪನಿಗೆ ಕೈ ಮುಗಿದಳು.

ಜಯಶ್ರೀಗೆ ಕಾರ್ಖಾನೆಯ ಇಂಗ್ಲಿಷ್ ಬರುತ್ತಿತ್ತು. ತಡವರಿಸುತ್ತ, ಆದರೆ ಗಟ್ಟಿಯಾಗಿ ಹೇಳಿದಳು. ಅವನು ಸುಳ್ಳು ಹೇಳುತ್ತಾನೆ. ಇವನು ನನ್ನ ಅಪ್ಪ. ಇವತ್ತು ಬೆಳಿಗ್ಗೆ ನಿಮ್ಮ ಅಣ್ಣನ ಕಲ್ಲು ಇವನ ಮೇಲೆ ಬಿತ್ತು. ಅವರು ಕಲ್ಲು ಒಡೆದಿದೆಯೋ ಇಲ್ಲವೋ ಎಂದು ನೋಡಿದರು.

ಮುದುಕಿ ಕಾರ್ಯದರ್ಶಿಯ ಮುಖ ನೋಡಿದಳು. ನಿಜವೇ ಎಂದು ಕೇಳಿದಳು. "ಆಮೇಲೆ ಹೇಳುತ್ತೇನೆ ಮೇಡಂ, ಮಂತ್ರಿಗಳು ಕಾಯುತ್ತಿದ್ದಾರೆ," ಎಂದು ಅವನು ಅವಳ ಮೊಣಕೈ ಹಿಡಿದ. ಅವಳು ಒಮ್ಮೆ ತಿರುಗಿ ನೋಡಿದಳು. ಹೋದಳು.

ಹೋದಳು. ಅಷ್ಟೆ.

ಮಂತ್ರಿಗಳನ್ನು ಹಿಂದಿನ ಗೇಟಿನಿಂದ ಕರೆತಂದರು. ಬ್ಯಾಂಡು ಬಾರಿಸಿತು. ಗಾಳಿಯಲ್ಲಿ ಗುಂಡು ಹಾರಿಸಿದರು. ಕಂಬಗಳಿಗೆ ಕಟ್ಟಿದ ಲೌಡ್‌ಸ್ಪೀಕರಿನಿಂದ ಭಾಷಣ ಬಂತು. ಹುಟ್ಟಿದ್ದು ಎಲ್ಲಿ ಎಂದು ಗೋವಾ ಯಾರನ್ನೂ ಕೇಳುವುದಿಲ್ಲವಂತೆ. ಬಂದವರನ್ನೆಲ್ಲ ತಾಯಿಯಂತೆ ಎದೆಗೆ ಅಪ್ಪಿಕೊಳ್ಳುತ್ತದಂತೆ. ಚಪ್ಪಾಳೆ ಬಿತ್ತು. ಗೇಟಿನಲ್ಲಿ ಬಾಳಮ್ಮ ಗಂಡನ ತುಟಿಯ ಮೇಲಿನ ನೊಣ ಓಡಿಸುತ್ತ ಆ ಮಾತು ಕೇಳಿದಳು. ಬಾಯೊಳಗೆ ಕಹಿ ತುಂಬಿಕೊಂಡಿತು. ಪಕ್ಕಕ್ಕೆ ತಿರುಗಿ ಹೊಸ ಟೈಲ್ಸಿನ ಮೇಲೆ ಉಗುಳಿದಳು.

ಇನ್‌ಸ್ಪೆಕ್ಟರ್ ಬಂದು ಹೆದರಿಸಿದ. ಎಲ್ಲರನ್ನೂ ಒಳಗೆ ಹಾಕುತ್ತೇನೆ ಎಂದ. ಹೆಣ ಎತ್ತಲು ಪೊಲೀಸರನ್ನು ಕರೆದ.

"ಎತ್ತ್ರಿ," ಮುದುಕಿ ಲಾಡಬಿ ಹೇಳಿದಳು. "ನಮ್ಮನ್ನೂ ಕೂಡೇ ಎತ್ತ್ರಿ. ದುಡದ ಮೈ ಐತಿ ಸಾಹೇಬ್ರ, ಭಾಳ ವಜ್ಜಿ ಐತಿ."

ಸಮಾರಂಭ ತೋರಿಸಲು ಬಂದಿದ್ದ ಟೀವಿಯವರು ಕ್ಯಾಮರಾವನ್ನು ಗೇಟಿನ ಕಡೆ ತಿರುಗಿಸಿದ್ದರು. ಇನ್‌ಸ್ಪೆಕ್ಟರ್ ಅದನ್ನು ನೋಡಿದ. ಅವನ ದನಿ ಬದಲಾಯಿತು. ಜಯಶ್ರೀ ಹೇಳಿದ್ದನ್ನು ಅಲ್ಲೇ ನಿಂತು ಬರೆಸಿಕೊಂಡ. ಹೆಣ ಸರ್ಕಾರಿ ಆಸ್ಪತ್ರೆಗೆ ಹೋಯಿತು. ಆ ವಾರ ಇಂಜಿನಿಯರನನ್ನು ಹಿಡಿದರು. ಅವನು ಜಾಮೀನಿನ ಮೇಲೆ ಹೊರಗೆ ಬಂದ. ಕಾಂಟ್ರಾಕ್ಟರ್ ತಾನು ಆ ದಿನ ಅಲ್ಲಿ ಇರಲೇ ಇಲ್ಲ ಎಂದ.

ಮಾನಪ್ಪ ವಾಸ್ಕೋದಲ್ಲೇ ಮಣ್ಣಾದ. ಹೊರಗಿನವರಿಗೆ ಇಲ್ಲಿ ಜಾಗ ಇಲ್ಲ ಎಂದರು. ಅದಕ್ಕೂ ಜಗಳ ತೆಗೆಯಬೇಕಾಯಿತು. ವೆರ್ಣಾದಿಂದ ಓಡಿ ಬಂದ ಗಂಡಾಳುಗಳು ಕುಣಿ ತೋಡಿದರು.

ಮುಂದಿನ ತಿಂಗಳು ಕಾರ್ಯದರ್ಶಿ ಗುಡಿಸಲಿಗೆ ಬಂದ. ಜೊತೆಗೆ ಕಾಂಟ್ರಾಕ್ಟರನ ತಮ್ಮ. ದಾರಿ ತೋರಿಸಲು ಲಾಲಪ್ಪ. ತಾಯಿ ಮಗಳು ಎಲ್ಲಿಗೋ ಹೊರಟು ನಿಂತಿದ್ದರು. ಕಾರ್ಯದರ್ಶಿ ಕೈಯಲ್ಲಿ ಶಾಲು ಹಿಡಿದಿದ್ದ. ನಗುತ್ತಿದ್ದ.

"ಒಳ್ಳೆಯ ಸುದ್ದಿ ತಂದಿದ್ದೇನೆ. ಸ್ಮಾರಕದ ಹಿಂದಿನ ಗೋಡೆಗೆ ಮಾನಪ್ಪನ ಹೆಸರಿನ ಫಲಕ ಹಾಕಲು ಸಮಿತಿ ಒಪ್ಪಿದೆ. ಕ್ಯಾಪ್ಟನ್ ಸಾಹೇಬರ ಸೇವೆಯಲ್ಲಿ ಶ್ರಮದಾನ ಮಾಡಿ ಪ್ರಾಣ ಬಿಟ್ಟ ಹುತಾತ್ಮ ಎಂದು. ನೀವು ಆ ಕೇಸು ಮಾತ್ರ ವಾಪಸು ತೆಗೆದುಕೊಳ್ಳಬೇಕು. ಹುತಾತ್ಮನ ಹೆಸರು ಕೋರ್ಟಿನಲ್ಲಿ ಎಳೆದಾಡುವುದು ಚೆನ್ನಾಗಿರುವುದಿಲ್ಲ."

ಜಯಶ್ರೀ ಅದನ್ನು ಕನ್ನಡದಲ್ಲಿ ಹೇಳಬೇಕಾಗಲಿಲ್ಲ.

"ದಾನ?" ಎಂದಳು ಬಾಳಮ್ಮ. "ನನ್ನ ಗಂಡ ದಾನ ಮಾಡಿಲ್ರಿ. ಕೂಲಿ ಮಾಡ್ಯಾನ. ಪ್ರಾಣಾ ಬಿಟ್ಟಿಲ್ಲ, ನೀವು ತಗೊಂಡೀರಿ. ಕ್ರೇನ್ ಹೊರಗ ನಿಲ್ಲಿಸಿ ತಗೊಂಡೀರಿ. ಕೊಂದ ಮ್ಯಾಲೆ ಹಾರಾ ಹಾಕೂ ರೀತಿ ನಿಮ್ಮದು."

"ಅಮ್ಮಾ, ಇದು ಗೌರವ—"

"ನಿಮ್ಮ ಗೌರವ ಕಂಡ್ರ ನನಗ ವಾಂತಿ ಬರತೈತಿ. ಆ ಕಪ್ತಾನಪ್ಪ ಸತ್ತು ನಿಮ್ಮ ಕೈಯಾಗ ಸಿಕ್ಕಾನ, ಪಾಪ. ಅವನ ಹೆಸರಿನ ಮ್ಯಾಲೆ ನೀವು ತಿಂತೀರಿ. ನನ್ನ ಗಂಡನ್ನ ಕೊಡಂಗಿಲ್ಲ. ನಿಮ್ಮ ಗ್ವಾಡಿ ಮ್ಯಾಲೆ ಅವನ ಹೆಸರು ಬಂತಂದ್ರ, ನಾನ ಸುತ್ತಿಗಿ ತಗೊಂಡ ಬಂದು ಒಡೀತೇನಿ. ಕಟ್ಟಿದಾವ್ರು ನಾವು. ಒಡಿಯಾಕೂ ಬರತೈತಿ. ನಡೀರಿ ಹೊರಗ."

ಕಾರ್ಯದರ್ಶಿ ಶಾಲನ್ನು ಹೊಸ್ತಿಲ ಮೇಲೆ ಇಟ್ಟ. ಬಾಳಮ್ಮ ಕಾಲಿನಿಂದ ಅದನ್ನು ಹೊರಗೆ ತಳ್ಳಿದಳು. ಇಬ್ಬರೂ ಕಾರಿನ ಕಡೆ ಹೋದರು. ಲಾಲಪ್ಪ ಹೋಗಲಿಲ್ಲ. ಕಾಂಟ್ರಾಕ್ಟರನ ತಮ್ಮ ಕಾರಿನಿಂದ ಅವನ ಹೆಸರು ಹಿಡಿದು ಕೂಗಿದ. ಲಾಲಪ್ಪ ತಲೆ ಎತ್ತಲಿಲ್ಲ. ಕಾರು ಹೋಯಿತು.

"ನೀ ಯಾಕ ನಿಂತಿ?" ಬಾಳಮ್ಮ ಕೇಳಿದಳು.

"ಇವತ್ತ ಠಾಣೆದಾಗ ಸಾಕ್ಷಿ ಐತೆಲ್ಲ."

"ಐತಿ. ಅಲ್ಲಿಗೇ ಹೊಂಟೀವಿ. ಮುಮ್ತಾಜ, ಲಾಡಬಿ ಮುಂದ ಹೋಗ್ಯಾರ. ನಿನಗೇನ ಅದರಾಗ?"

ಲಾಲಪ್ಪ ತಲೆಗೆ ಸುತ್ತಿದ್ದ ಪಟಕಾ ಬಿಚ್ಚಿ ಮುಖ ಒರೆಸಿಕೊಂಡ. "ಕ್ರೇನ್ ಒಳಗ ಬಿಡಬ್ಯಾಡ ಅಂತ ಮೊದಲ ಹೇಳಿದಾಂವ ಕಾಂಟ್ರಾಕ್ಟರ್. ಫೋನಿನ್ಯಾಗ. ಇಂಜಿನಿಯರ್ ನನ್ನ ಮುಂದ ಸ್ಪೀಕರ್ ಹಾಕಿದ್ದ. ನಾ ಕೇಳೇನಿ. ಅದನ್ನ ಹೇಳತೇನಿ."

ಬಾಳಮ್ಮ ಅವನನ್ನು ನೋಡಿದಳು. ಅವಳ ಮುಖ ಸಡಿಲಾಗಲಿಲ್ಲ.

"ಹೇಳು," ಎಂದಳು. "ಆದ್ರ ನನ್ನ ಹಿಂದ ಬರಬ್ಯಾಡ. ನಿನ್ನ ಮ್ಯಾಲೆ ನನಗ ಇನ್ನೂ ನಂಬಿಗಿ ಇಲ್ಲ. ಮುಂದ ನಡಿ. ನನ್ನ ಕಣ್ಣ ಮುಂದ ಇರು."

ಲಾಲಪ್ಪ ಮುಂದೆ ನಡೆದ. ತಾಯಿ ಮಗಳು ಅವನ ಬೆನ್ನಿನ ಮೇಲೆ ಕಣ್ಣಿಟ್ಟು ಠಾಣೆಯ ದಾರಿ ಹಿಡಿದರು.